ಮಳೆ ಇಲ್ದೆ ಸೋರಿದ ಸೂರು

ನಮ್ಮ ಹೊಳೆ ದಂಡೇಲಿ ಒಬ್ರು ಗುರುಗಳು ಅವ್ರೆ, ನಂಜೇದೇವ್ರು ಅಂತ. ಊರೊಳಗಿನ ಮಠ ಬ್ಯಾಡ ಅಂತ ಬಂದೋರು. ಅವ್ರ ಆಶ್ರಮಕ್ಕೆ ಎರಡು ಚಕ್ರ ಅದೆ.

ನಗಬ್ಯಾಡಿ, ನಿಜವಾಗ್ಲೂ ಚಕ್ರ ಅದೆ. ಯಾರೋ ಪ್ಯಾಟೆ ಗಂಡ ಹೆಂಡ್ತಿ ಕಾರಿನ ಹಿಂದೆ ಕಟ್ಕೊಂಡು ಕಾಡು ಮೇಡು ಸುತ್ತೋಕೆ ಅಂತ ಮಾಡಿಸ್ಕೊಂಡಿದ್ದ ತಗಡಿನ ಗಾಡಿಮನೆ. ಮೊದಲ್ನೇ ಸಲ ಹೋದಾಗ್ಲೇ ಇಬ್ಬರಿಗೂ ಜಗಳ ಹತ್ಕೊಂತು. ಗಾಡೀನ ತಂದು ಗುರುಗಳಿಗೆ ಒಪ್ಪಿಸಿದ್ರು. ಜಗಳಾನ ಮನೆಗೆ ತಗೊಂಡು ಹೋದ್ರು.

ಒಳಗೆ ಒಂದು ಹಲಗೆ ಮಂಚ. ಕಾಲು ಚಾಚಿದ್ರೆ ಅಡುಗೆಮನೆ. ಗ್ಯಾಸ್ ಒಲೆ, ಒಂದು ಗೂಡು, ಒಂದು ಕಿಟಕಿ, ಸೂರಲ್ಲಿ ಮುಚ್ಚಳ ಇರೋ ಒಂದು ಬೆಳಕಿಂಡಿ. ಅಷ್ಟೇ.

ಅಡುಗೆ ಮಾಡೋನು ಶಿಷ್ಯ ಮಲ್ಲೇಶಿ. ನಲವತ್ತು ದಾಟಿದ ಆಳು. ಮೊದ್ಲು ಮದುವೆಮನೆ ಅಡುಗೆಗೆ ಹೋಗ್ತಿದ್ದ. ಈಗ ಬೇಯಿಸೋದು ಇಬ್ಬರಿಗೆ, ಆದ್ರೆ ಉರಿ ಮಾತ್ರ ಇನ್ನೂ ಐನೂರು ಜನಕ್ಕೇ.

ಮಾಗಿ ಚಳೀಲಿ ಗುರುಗಳಿಗೆ ಕೆಮ್ಮು ಹತ್ಕೊಂತು.

ಮಠದ ಮೇನೇಜರ್ ವೀರಭದ್ರಪ್ಪ ನೋಡೋಕೆ ಬಂದ. ಮಂಚದ ಮೇಲಿನ ಕಂಬಳಿ ಮುಟ್ಟಿದ. ಒದ್ದೆ. ತಲೆ ಎತ್ತಿ ಸೂರು ನೋಡಿದ. ಹಣೆ ಮೇಲೆ ಒಂದು ತೊಟ್ಟು ಬಿತ್ತು.

"ಈ ಡಬ್ಬ ಸೋರ್ತಾ ಅದೆ. ಈ ಒದ್ದೇಲಿ ಇದ್ರೆ ಗುರುಗಳ ಎದೆ ಉಳಿಯಲ್ಲ. ಸೋಮವಾರ ಕಾರು ತರ್ತೀನಿ. ಅಷ್ಟರಲ್ಲಿ ಒಣಗಿದ್ರೆ ಸರಿ. ಇಲ್ದಿದ್ರೆ ಮಠಕ್ಕೆ ಕರ್ಕೊಂಡು ಹೋಗ್ತೀನಿ."

"ನಾನು?" ಅಂದ ಮಲ್ಲೇಶಿ.

"ಮಠದಲ್ಲಿ ಅಡುಗೆಯೋರು ಅವ್ರೆ ಕಣಪ್ಪ."

ಗುರುಗಳು ಕೆಮ್ಮಿದ್ರು.

ಮಾರನೇ ದಿನ ಬಟ್ಟೆ ಒಗೆಯೋಕೆ ಹೊಳೆಗೆ ಬಂದು ನೋಡ್ತೀನಿ, ಮಲ್ಲೇಶಿ ಗಾಡಿಮನೆ ಮೇಲೆ ಕೂತವ್ನೆ. ಪಕ್ಕದಲ್ಲಿ ಟಾರು ಡಬ್ಬ. ಮುಖಕ್ಕೂ ಅರ್ಧ ಟಾರು ಬಳ್ಕೊಂಡವ್ನೆ.

"ಏನ್ಲಾ ಮಲ್ಲೇಶಿ, ಮದುವೆಗೆ ಅರಿಶಿನ ಬಳಿಯೋದು ಬಿಟ್ಟು ಇದೇನ್ ಬಳ್ಕೊಂಡೆ?"

"ನೀನು ಸುಮ್ನಿರು ಸಾಕಕ್ಕ. ಸೂರು ಸೋರ್ತದೆ."

"ಮಳೆ ಬಿದ್ದು ಎರಡು ತಿಂಗಳಾಯ್ತಲ್ಲೋ. ಇನ್ಯಾರು ಬಂದು ಸೋರಿಸ್ತವ್ರೆ?"

"ಬೆಳಿಗ್ಗೆ ಎದ್ರೆ ತೊಟ್ಟಿಕ್ತದೆ ಕಣಕ್ಕ. ಮಂಜು ಒಳಕ್ಕೆ ನುಗ್ತದೆ."

ತಗಡಿನ ಒಂದೊಂದು ಸಂದಿಗೂ ಟಾರು ಮೆತ್ತಿದ. ಬೆಳಕಿಂಡಿ ಮುಚ್ಚಳಾನೂ ಬಿಡ್ಲಿಲ್ಲ. ಕಿಟಕಿ ಸುತ್ತ ಹಳೇ ಪಂಚೆ ಹರಿದು ತುರುಕಿದ. ಬಾಗಿಲ ಕೆಳಗೆ ಗೋಣಿಚೀಲ ಒತ್ತಿದ. ಗುರುಗಳ ಕಾವಿ ಬಟ್ಟೆ ಹೊರಗೆ ಒಣಗಿಸಿದ್ರೆ ಕಂಡೋರೆಲ್ಲ ಮುಟ್ಟಿ ಮಡಿ ಕೆಡ್ತದೆ ಅಂತ, ಅದನ್ನೂ ಒಲೆ ಮೇಲೇ ಹಗ್ಗ ಕಟ್ಟಿ ನೇತುಹಾಕಿದ.

ಸಾಲದು ಅಂತ ದಿನವಿಡೀ ಒಲೆ ಮೇಲೆ ಕಷಾಯ. ತುಳಸಿ, ಮೆಣಸು, ಶುಂಠಿ. ಅಗಲ ಬಾಯಿ ಪಾತ್ರೆ, ಮುಚ್ಚಳ ಇಲ್ಲ. ಕೊತಕೊತ ಅಂತಾನೇ ಇರ್ಬೇಕು. ಒಳಗೆ ಬೆಚ್ಚಗಿರ್ಲಿ ಅಂತ.

ಗುರುಗಳು ಕೇಳಿದ್ರು. "ಮಲ್ಲೇಶಿ, ಮಳೆ ಯಾವಾಗ ಬಂತು?"

"ಬರ್ಲಿಲ್ಲ ಬುದ್ಧಿ."

"ಮತ್ತೆ ನೀರು?"

"ಸೂರು ಹಳೇದು ಬುದ್ಧಿ. ಹೊಳೆ ಬೇರೆ ಪಕ್ಕದಲ್ಲೇ ಅದೆ. ನೀವು ಹೊದ್ಕಳಿ."

ಗುರುಗಳು ಹೊದ್ಕೊಂಡ್ರು.

ಮಾರನೇ ಬೆಳಿಗ್ಗೆ ಮಲ್ಲೇಶಿ ಬಾಯಿ ಬಡ್ಕೊಳ್ಳೋದು ನಮ್ಮನೆ ತನಕ ಕೇಳಿಸ್ತು. ಓಡಿ ಹೋದೆ. ನನಗೇನು, ನೋಡದೆ ಇರೋಕಾಗ್ತದಾ?

ಉಪ್ಪು ನೀರಾಗಿ ಭರಣಿ ತಳ ಸೇರಿತ್ತು. ಹಪ್ಪಳ ಬಟ್ಟೆ ಥರ ಜೋತಾಡ್ತಿತ್ತು. ರಾಗಿಹಿಟ್ಟಿನ ಮೇಲೆ ಹಸಿರು ಬೂಷ್ಟು. ಸೂರಿಂದ ತೊಟತೊಟ ಅಂತ ತೊಟ್ಟಿಕ್ತಾನೇ ಅದೆ. ಗುರುಗಳು ಒದ್ದೆ ಕಂಬಳಿ ಸುತ್ಕೊಂಡು ಕೆಮ್ಮುತಾ ಕೂತವ್ರೆ.

"ಎಲ್ಲಾ ನಿನ್ನಿಂದ ಸಾಕಕ್ಕ!" ಅಂದ ಮಲ್ಲೇಶಿ.

"ನನ್ನಿಂದಲಾ?"

"ಬೆಳಿಗ್ಗೆದ್ದು ಹೊಳೇಲಿ ಬಟ್ಟೆ ಬಡೀತೀಯ. ತುಂತುರೆಲ್ಲಾ ಇಲ್ಲಿಗೇ ಹಾರ್ತದೆ."

"ನಾನು ಬಟ್ಟೆ ಬಡಿಯೋದು ಅಲ್ಲಿ, ನೀನಿರೋದು ಇಲ್ಲಿ. ಅಷ್ಟು ದೂರ ನೀರು ಹಾರಿಸೋ ಶಕ್ತಿ ನನ್ನ ರಟ್ಟೇಲಿ ಇದ್ದಿದ್ರೆ ನನ್ನ ಗಂಡ ಯಾವತ್ತೋ ಸರಿಹೋಗ್ತಿದ್ದ!"

ಗುರುಗಳು ನಕ್ಕರು. ನಗು ಕೆಮ್ಮಾಯ್ತು. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಕೆಮ್ಮು ನಿಂತ ಮೇಲೆ ಗುರುಗಳು ಎದ್ದರು.

"ಇವತ್ತು ಅಡುಗೆ ನಂದು. ಮಲ್ಲೇಶಿ, ನೀನು ಮಂಚದ ಮೇಲೆ ಕೂತ್ಕೋ."

"ಅಯ್ಯೋ, ನಿಮ್ಮ ಮಂಚದ ಮೇಲಾ ಬುದ್ಧಿ?"

"ಕೂತ್ಕೋ. ಕೈ ಕಟ್ಕೊಂಡು ಸೂರು ನೋಡ್ತಾ ಇರು. ಎಲ್ಲಿ ತೂತಿದೆ ಅಂತ ಹುಡುಕು. ಸಾಕಮ್ಮ, ನೀನು ಬಾಗಿಲು ಹಾಕ್ಕೊಂಡು ಒಳಗೆ ಬಾ."

ಹುರುಳಿಕಾಳು ಒಲೆಗಿಟ್ರು. ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದ್ರು. ಥೇಟ್ ಮಲ್ಲೇಶಿ ಥರಾನೇ ಉರಿ ಜೋರು, ಪಾತ್ರೆ ಬಾಯಿ ತೆರೆದು. ಆಮೇಲೆ ಸುಮ್ನೆ ಕೂತ್ರು.

ಹಬೆ ಎದ್ದಿತು. ನನ್ನ ಮುಖ ಬೆವರಿತು. ಕಿಟಕಿ ಗಾಜು ಬೆಳ್ಳಗಾಯ್ತು. ಸೂರಿನ ತಗಡು ಮೊದ್ಲು ಮಬ್ಬಾಯ್ತು, ಆಮೇಲೆ ಸಣ್ಣ ಸಣ್ಣ ಹನಿ ಕಟ್ಟಿತು. ಹನಿಗೆ ಹನಿ ಸೇರ್ಕೊಂತು.

ಮಲ್ಲೇಶಿ ಮೂಗಿನ ಮೇಲೆ ಒಂದು ಬಿತ್ತು.

"ಸೋರ್ತು ಬುದ್ಧಿ! ನೋಡಿ, ಇಲ್ಲೇ!"

"ತೂತು ಸಿಕ್ತಾ?"

ಮಲ್ಲೇಶಿ ಎದ್ದು ನಿಂತು ತಗಡು ಸವರಿದ. ಆ ಕಡೆ, ಈ ಕಡೆ. "ಇಲ್ಲ ಬುದ್ಧಿ."

"ಕೈ ಮೂಸಿ ನೋಡು."

ಮೂಸಿದ. ಇನ್ನೊಂದ್ಸಲ ಮೂಸಿದ.

"ಬೆಳ್ಳುಳ್ಳಿ ವಾಸನೆ ಬುದ್ಧಿ."

"ಹೊಳೆ ಬೆಳ್ಳುಳ್ಳಿ ತಿನ್ನುತ್ತೇನೋ?"

ನನಗೆ ನಗು ತಡೆಯೋಕಾಗ್ಲಿಲ್ಲ. ಮಲ್ಲೇಶಿ ನಗಲಿಲ್ಲ. ಒಲೆ ನೋಡಿದ. ನೇತುಹಾಕಿದ್ದ ಬಟ್ಟೆ ನೋಡಿದ. ಕಿಟಕಿಗೆ ತುರುಕಿದ್ದ ಪಂಚೆ ಚೂರು ನೋಡಿದ. ಕೊನೆಗೆ ಗುರುಗಳ ಮುಖ ನೋಡಿದ.

"ನೀರು ಹೊರಗಿಂದ ಬಂದದ್ದಲ್ಲ ಬುದ್ಧಿ. ನಾನೇ ಕಾಯಿಸಿ ಮೇಲಕ್ಕೆ ಕಳಿಸಿದ್ದು."

"ಹ್ಞೂ."

"ಹೋಗೋಕೆ ದಾರಿ ಇಲ್ದಂಗೆ ನಾನೇ ಟಾರು ಹಾಕಿದ್ದು."

"ಹ್ಞೂ."

"ಕಷಾಯ ಕುದಿಸಿ ಕುದಿಸಿ ನಿಮ್ಮ ಕೆಮ್ಮನ್ನ ನಾನೇ ಬೆಳೆಸಿದ್ದು."

ಅದಕ್ಕೆ ಗುರುಗಳು ಹ್ಞೂ ಅನ್ಲಿಲ್ಲ.

ಮಲ್ಲೇಶಿ ಮಂಚದ ಕೆಳಗಿಂದ ಬಟ್ಟೆ ಗಂಟು ಎಳ್ಕೊಂಡ. ಕಣ್ಣಲ್ಲಿ ನೀರು. "ಮೇನೇಜರು ಬರೋದು ಬ್ಯಾಡ ಬುದ್ಧಿ. ನಾನೇ ಹೋಗ್ತೀನಿ. ನನ್ನಂಥೋನು ಪಕ್ಕದಲ್ಲಿದ್ರೆ ನೀವು ಉಳಿಯಲ್ಲ."

"ಹೋಗು. ಟಾರು ಮೆತ್ತಿದೋನು ಯಾರು?"

"ನಾನೇ."

"ಕಿತ್ತು ಹೋಗು."

ಮಲ್ಲೇಶಿ ಗಂಟು ಕೆಳಗಿಟ್ಟ. ಚಾಕು ಹಿಡ್ಕೊಂಡು ಸೂರು ಹತ್ತಿದ. ಒಣಗಿದ ಟಾರು ಸುಲಭಕ್ಕೆ ಬಿಡ್ತದಾ? ಬೆಳಕಿಂಡಿ ಮುಚ್ಚಳ ಒಂದನ್ನ ಬಿಡಿಸೋಕೆ ಮಧ್ಯಾಹ್ನ ಆಯ್ತು. ಕೈ ಬೊಬ್ಬೆ ಎದ್ದಿತ್ತು. ಮುಚ್ಚಳ ಎತ್ತಿದ್ದೇ ತಡ, ಒಳಗಿದ್ದ ಹಬೆ ಬುಸ್ ಅಂತ ಅವನ ಮುಖದ ಮೇಲೇ ಎದ್ದು ಹೋಯ್ತು.

ಕೆಳಗಿಂದ ಗುರುಗಳು ಕೂಗಿದ್ರು. "ಹೋಯ್ತಾ?"

"ಹೋಯ್ತು ಬುದ್ಧಿ."

"ಈಗ ಕಿಟಕಿ. ಒಂದು ಬೆರಳಷ್ಟು ತೆಗೆದಿಡು, ಸಾಕು. ಕೆಳಗಿಂದ ಗಾಳಿ ಬರ್ಲಿ, ಮೇಲಿಂದ ಹೋಗ್ಲಿ."

"ಚಳಿ ಬರ್ತದೆ ಬುದ್ಧಿ!"

"ಬರ್ಲಿ ಬಿಡೋ. ಚಳಿಗೆ ಕಂಬಳಿ ಅದೆ. ಕಂಬಳೀನೇ ಒದ್ದೆ ಆದ್ರೆ ಏನಿದೆ?"

ಕಾವಿ ಬಟ್ಟೆ ಹೊರಗೆ ಬಿಸಿಲಿಗೆ ಬಂತು. ಕಂಡೋರು ಮುಟ್ಟಿದ್ರೆ ಅಂತ ಮಲ್ಲೇಶಿ ಅಂದ. ಮುಟ್ಟಿದೋರ ಮಡಿ ಕೆಡಲ್ಲ ಬಿಡು ಅಂದ್ರು ಗುರುಗಳು. ಹಾಸಿಗೆಯನ್ನ ತಗಡಿನ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ್ರು. ಕಷಾಯ ದಿನಕ್ಕೆ ಎರಡೇ ಸಲ, ಅದೂ ಚಿಕ್ಕ ಚೆಂಬಲ್ಲಿ, ತಟ್ಟೆ ಮುಚ್ಚಿ. ಬೆಳಿಗ್ಗೆ ಎದ್ದ ತಕ್ಷಣ ಒಣಬಟ್ಟೆ ತಗೊಂಡು ಸೂರು ಒರೆಸೋದು, ಹಿಂಡೋದು ಹೊರಗೆ. ಮಲ್ಲೇಶಿ ಒರೆಸಿದ. ಹಿಂಡಿದ. ಮೊದಲ್ನೇ ದಿನ ಅರ್ಧ ಚೆಂಬು ನೀರು ಬಂತು. ಭಾನುವಾರ ನಾಕು ಹನಿ.

ಗಂಟು ಎಲ್ಲಿಟ್ಟಿದ್ನೋ ಅಲ್ಲೇ ಇತ್ತು. ಹೋಗ್ತೀನಿ ಅಂತಾನೂ ಅನ್ಲಿಲ್ಲ, ಇರ್ತೀನಿ ಅಂತಾನೂ ಅನ್ಲಿಲ್ಲ.

ಸೋಮವಾರ ಕಾರು ಬಂತು.

ವೀರಭದ್ರಪ್ಪ ಸೂರು ಸವರಿದ. ಕಂಬಳಿ ಹಿಸುಕಿದ. ಭರಣಿಗೆ ಕೈ ಹಾಕಿ ಉಪ್ಪು ಉದುರಿಸಿ ನೋಡಿದ. ಹುಡುಗಿ ನೋಡೋಕೆ ಬಂದ ಬೀಗರು ಕೂಡ ಅಷ್ಟು ಪರೀಕ್ಷೆ ಮಾಡಲ್ಲ.

"ಒಣಗದೆ. ಏನು ಹಾಕಿ ಮುಚ್ಚಿದೆ ಮಲ್ಲೇಶಿ?"

"ಮುಚ್ಚಲಿಲ್ಲ ಸ್ವಾಮಿ. ಮುಚ್ಚಿದ್ದನ್ನ ತೆಗೆದೆ."

ಅಷ್ಟರಲ್ಲಿ ಗುರುಗಳು ಒಂದ್ಸಲ ಕೆಮ್ಮಿದ್ರು. ಮಲ್ಲೇಶಿ ಕಂಬಳಿ ತಗೊಂಡು ಓಡಿದ.

"ಕೆಮ್ಮು ಇನ್ನೂ ಅದೆಯಲ್ಲ ಗುರುಗಳೇ."

"ಅದೆ. ಹೋಗೋಕೆ ಹೊರಟದೆ. ನಿನ್ನ ಕಾರು ಹತ್ತಿಸಿ ವಾಪಸ್ ಕರೀಬ್ಯಾಡ."

ವೀರಭದ್ರಪ್ಪ ನಕ್ಕ. ಒಂದು ಲೋಟ ಕಷಾಯ ಕುಡಿದ. ಬಂದ ಕಾರು ಬಂದಂಗೇ ಹೋಯ್ತು.

ಮಲ್ಲೇಶಿ ಗುರುಗಳ ಕಾಲ ಹತ್ರ ಕೂತ. ಆಮೇಲೆ ಕೇಳಿದ.

"ಬುದ್ಧಿ, ನೀರು ಎಲ್ಲಿಂದ ಬರ್ತದೆ ಅಂತ ನಿಮಗೆ ಮೊದಲ ದಿನವೇ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಯಾಕೆ ನನ್ನ ತಡೀಲಿಲ್ಲ? ಒದ್ದೆ ಕಂಬಳೀಲಿ ಯಾಕೆ ಮಲಗಿದ್ರಿ?"

ಗುರುಗಳು ಹೊಳೆ ಕಡೆ ನೋಡಿದ್ರು.

"ನಾನು ಮನೆ ಬಿಟ್ಟು ಐವತ್ತು ವರ್ಷ ಆಯ್ತು ಮಲ್ಲೇಶಿ. ನನಗೆ ಚಳಿ ಆಗ್ತದೆ ಅಂತ ಅಷ್ಟು ವರ್ಷದಲ್ಲಿ ಯಾರೂ ಒಂದು ಸಂದಿ ಮುಚ್ಚಿರ್ಲಿಲ್ಲ. ನಾಕು ದಿನ ಒದ್ದೆ ಆದ್ರೆ ಆಗ್ಲಿ ಅನ್ನಿಸ್ತು ಕಣೋ."