ಪ್ರೀಮಿಯಂ ಕ್ಯಾನು

ಹೊಗೆಯ ವಿಷ ಕಡಿಮೆಯಾಗಲೆಂದು ಲಾರಿಯ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ನೀರು ನನ್ನ ಅಂಗಡಿಯಲ್ಲಿ ಎರಡು ಬಗೆ: ಸಾದಾ, ಪ್ರೀಮಿಯಂ. ಗುಣಮಟ್ಟದ ಮುದ್ರೆ ಎರಡಕ್ಕೂ ಒಂದೇ.

ಗವಿಸಿದ್ದಪ್ಪ ಧಣಿಯ ಲಾರಿ ಘಾಟಿಯಲ್ಲಿ ಕೆಟ್ಟು ನಿಂತಿತು. ಡೀಸೆಲ್ ಸುರಿದ ಲಾಳಿಕೆಯಲ್ಲೇ ಯೂರಿಯಾ ಸುರಿದು, ಡೀಸೆಲ್ ಬೆರೆತು ಅದು ಕೆಡುವಂತೆ ಮಾಡಿದವನು ಧಣಿಯ ಮಗ. ಬೈಸಿಕೊಂಡವನು ಡ್ರೈವರ್ ಮೌಲಾಲಿ.

ಧಣಿ ಗದರಿದ: “ಸಾದಾ ಮಾಲು ಹಾಕಿ ಎಂಜಿನ್ ಕೊಂದೆ. ಇನ್ನು ಪ್ರೀಮಿಯಂ ಮಾತ್ರ.”

ಮೌಲಾಲಿ ಹೊಸ ಲಾಳಿಕೆ ಕೊಂಡ. ಖಾಲಿ ಪ್ರೀಮಿಯಂ ಕ್ಯಾನಿಗೆ ನನ್ನಿಂದ ಸಾದಾ ತುಂಬಿಸಿಕೊಂಡ. ಮಳೆಗಾಲವಿಡೀ ಲಾರಿ ಓಡಿತು.

ಒಂದು ದಿನ ಮೌಲಾಲಿ ಕ್ಯಾನು ತುಂಬಿಸಲು ಬಂದಾಗಲೇ ಧಣಿ ಇನ್ನಿಬ್ಬರು ಲಾರಿ ಮಾಲೀಕರನ್ನು ಅಂಗಡಿಗೆ ಕರೆತಂದ. “ಪ್ರೀಮಿಯಂ ಹಾಕಿದ ಮೇಲೆ ಲಾರಿ ನಿಂತೇ ಇಲ್ಲ. ಅಂದ್ರೆ ಅವತ್ತಿನ ತಪ್ಪು ಇವನದೇ. ಕೀಲಿ ಇಡೋ, ನಿನ್ನ ಕೆಲಸ ಮುಗೀತು.”

ಎಂಜಿನ್ ಕೊಂದವನೆಂಬ ಹೆಸರು ಬಂದರೆ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಮೌಲಾಲಿ ಕೀಲಿ ಇಟ್ಟ. ಬಗ್ಗಿ ಧಣಿಯ ಕಿವಿಯಲ್ಲಿ ಹೇಳಿದ: “ಇಷ್ಟು ದಿನ ಹಾಕಿದ್ದೂ ಸಾದಾನೇ, ಧಣಿ. ಅಂಗಡಿಯವರೇ ಸಾಕ್ಷಿ. ಇವರಿಗೂ ಹೇಳಿ ಹೋಗ್ಲಾ?”

ಧಣಿ ನನ್ನನ್ನು ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನ ಮುಖ ಕಪ್ಪಿಟ್ಟಿತು. ಕೀಲಿ ತಾನೇ ಎತ್ತಿ ಮೌಲಾಲಿಯ ಕೈಗಿಟ್ಟ.

“ಹೋಗು, ಕ್ಯಾನು ತುಂಬಿಸ್ಕೋ.”

“ಯಾವುದು, ಧಣಿ?”

“ದಿನಾ ಹಾಕೋದನ್ನೇ.”

ಉಳಿದಿಬ್ಬರು ತಮಗೂ ಪ್ರೀಮಿಯಂ ಬೇಕೆಂದರು. ನಾನು ಕೊಟ್ಟೆ.