ಹುಳುಮನೆಗೆ ಮೂರು ಕ್ಯಾಮೆರಾ

ಹಿಪ್ಪುನೇರಳೆ ತೋಟಗಳ ನಡುವೆ ಒಂದೂರು. ಆ ಊರಲ್ಲಿ ಪಾಪಮ್ಮ ಅಂತ ಒಬ್ಬ ಹೆಂಗಸು, ಅವಳಿಗೆ ಪಿಳ್ಳಪ್ಪ ಅಂತ ಒಬ್ಬನೇ ಮಗ. ಎತ್ತರ ಇದ್ದ, ಬಲ ಇತ್ತು, ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ಪಾಪಮ್ಮನ ಸಂಕಟ.

ಅವಳು ರೇಷ್ಮೆ ಹುಳು ಸಾಕುತ್ತಿದ್ದಳು. ಎರಡು ಬೆಳೆಯಲ್ಲೂ, ಹುಳು ಗೂಡು ಕಟ್ಟುವ ಬಿದಿರುತಟ್ಟಿ ಚಂದ್ರಿಕೆಗಳು ಗೂಡಿನ ಸಮೇತ ಅಂಗಳದಿಂದಲೇ ಮಾಯವಾಗಿದ್ದವು. ಗೋಡೆಯಾಚೆಯ ಓರಗಿತ್ತಿ ಮುನಿರತ್ನಮ್ಮನೇ ಕದ್ದಳು ಅಂತ ಪಾಪಮ್ಮ ನಾಲ್ಕು ಜನರ ಮುಂದೆ ಅಂದುಬಿಟ್ಟಳು. ಅಂದು ಆರು ತಿಂಗಳಾಯಿತು. ಹದಿನೆಂಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡವರು ನಲ್ಲಿಯ ಹತ್ತಿರ ಎದುರಾದರೂ ಮಾತಿಲ್ಲ. ಕದ್ದವರ ಮುಖ ಒಂದು ಸಲ ಕಂಡರೆ ಸಾಕು ಅನ್ನುತ್ತಿದ್ದಳು ಪಾಪಮ್ಮ. ಅದು ಮುನಿರತ್ನಮ್ಮನ ಮುಖವೇ ಆಗಿದ್ದರೆ ಸರಿ. ಅಲ್ಲದಿದ್ದರೆ? ಅದು ನೆನಪಾದಾಗ ಪಾಪಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೊಬೈಲ್ ರಿಪೇರಿ ಮಾಡುವ ರಹಮತ್ ಸಾಬರು ಒಂದು ಉಪಾಯ ಮಾಡಿದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮೂರು ಪುಟ್ಟ ಕಂಪ್ಯೂಟರ್, ಒಂದೊಂದಕ್ಕೂ ಒಂದೊಂದು ಕ್ಯಾಮೆರಾ. ಗೇಟಿಗೊಂದು, ಅಂಗಳಕ್ಕೊಂದು, ಹುಳುಮನೆ ಬಾಗಿಲಿಗೊಂದು ಅಂತ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದು ತೋರಿಸಿದರು. ಅವರ ಕಾಲು ಏಣಿ ಹತ್ತದು. ಕಟ್ಟುವ ಕೆಲಸ ಪಿಳ್ಳಪ್ಪನದಾಯಿತು.

"ಮೊದಲು ಒಂದನ್ನು ಕಟ್ಟಿ ನೋಡಪ್ಪ. ಎತ್ತರದಲ್ಲಿ ಕಟ್ಟು, ಯಾರ ಕೈಗೂ ಸಿಗಬಾರದು" ಅಂದರು.

ಪಿಳ್ಳಪ್ಪ ತೆಂಗಿನಮರ ಹತ್ತಿ ಸುಳಿಗೆ ಕಟ್ಟಿ ಬಂದ. ಎರಡು ದಿನ ಚಿತ್ರದಲ್ಲಿ ಮೋಡ ಕಂಡಿತು, ಗರಿ ಕಂಡಿತು, ಕಾಗೆ ಕಂಡಿತು. ಮೂರನೇ ದಿನ ಮಳೆ ಬಂದು ಏನೂ ಕಾಣದಾಯಿತು.

"ಯಾರ ಕೈಗಾದರೂ ಸಿಕ್ಕಿತೇನಮ್ಮಾ?" ಅಂದ ಮಗ.

ಪಾಪಮ್ಮ ಬೈದಳು. ತಗ್ಗಿನಲ್ಲಿ ಕಟ್ಟಬೇಕು, ಬಾಗಿಲಿಗೆ ಎದುರಾಗಿ ಕಟ್ಟಬೇಕು, ನೀರು ತಾಗದ ಹಾಗೆ ಚೆನ್ನಾಗಿ ಮುಚ್ಚಬೇಕು ಅಂದಳು.

ಎರಡನೆಯದನ್ನು ತಗ್ಗಿನಲ್ಲಿ ಕಟ್ಟಿದ, ಬಾಗಿಲಿಗೆ ಎದುರಾಗಿ ಕಟ್ಟಿದ, ಚೆನ್ನಾಗಿ ಮುಚ್ಚಿದ. ಪ್ಲಾಸ್ಟಿಕ್ ಸುತ್ತಿದ, ಅದರ ಮೇಲೆ ಗೋಣಿ, ಅದರ ಮೇಲೆ ಸತ್ತ ಅಪ್ಪನ ಕಂಬಳಿ. ಒಂದು ಹನಿ ನೀರು ತಾಗಲಿಲ್ಲ. ಒಂದು ಚೂರು ಬೆಳಕೂ ತಾಗಲಿಲ್ಲ. ಸಂಜೆ ಕಂಬಳಿ ಬಿಚ್ಚಿದರೆ ಸುಟ್ಟ ವಾಸನೆ.

ಪಾಪಮ್ಮ ಮತ್ತೆ ಬೈದಳು. ಅದಕ್ಕೂ ಸೆಕೆ ಆಗುತ್ತದೆ, ಗಾಳಿ ಬೇಕು, ನೆರಳು ಬೇಕು. "ಹುಳ ನೋಡಿಕೊಳ್ಳೋ ಹಾಗೆ ನೋಡಿಕೋ ಮಗಾ. ಇನ್ನು ಇರೋದು ಇದೊಂದೇ."

ಮೂರನೆಯದನ್ನು ಪಿಳ್ಳಪ್ಪ ಹುಳುವಿನ ತಟ್ಟೆಯಲ್ಲೇ ಮಲಗಿಸಿದ. ಹೊತ್ತುಹೊತ್ತಿಗೆ ಎದ್ದು ಅದರ ಮೇಲೂ ಸೊಪ್ಪು ಹಾಸಿದ. ಸಾಬರ ಅಂಗಡಿಯಲ್ಲಿ ಚಿತ್ರ ತೆರೆದರೆ ಹಾವಿನಷ್ಟು ದಪ್ಪದ ಹುಳು ಎಲೆಯಂಚು ಕಚ್ಚುತ್ತಿತ್ತು. ಮೂವತ್ತು ವರ್ಷ ಹುಳು ಸಾಕಿದವಳು ಅದರ ಮುಖ ಕಂಡದ್ದು ಅವತ್ತೇ. ಪಾಪಮ್ಮ ಸ್ವಲ್ಪ ಹೊತ್ತು ಬೈಯುವುದನ್ನೇ ಮರೆತಳು.

ಆಮೇಲೆ ಬೈದಳು. "ಹುಳದ ಮುಖ ಯಾರು ಕೇಳಿದರೋ? ಅಂಗಳಕ್ಕೆ ಬರೋ ಮನುಷ್ಯರ ಮುಖ ಬೇಕು. ಬೆಳಕಲ್ಲಿ, ನೇರವಾಗಿ, ಸ್ಪಷ್ಟವಾಗಿ."

ಹುಳು ಮೇದು ಬಲಿತು ಹಣ್ಣಾದವು, ಚಂದ್ರಿಕೆ ಹತ್ತಿದವು, ಗೂಡು ಕಟ್ಟಿದವು. ಗೂಡು ಬಿಡಿಸಲು ಆಳು ಕರೆಯಲು ಪಾಪಮ್ಮ ಪಕ್ಕದೂರಿಗೆ ಹೋಗಿ ಬಂದಳು. ಬಂದು ನೋಡಿದರೆ ಅಂಗಳ ಖಾಲಿ. ಪಿಳ್ಳಪ್ಪ ಮಾತ್ರ ಗೆದ್ದವನ ಹಾಗೆ ನಿಂತಿದ್ದ.

ಆದದ್ದಿಷ್ಟು. ಟೆಂಪೋದವನೊಬ್ಬ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದ. ಪಿಳ್ಳಪ್ಪ ಟವೆಲ್ ತೆಗೆಯಲು ಹೇಳಿದ, ಅಂಗಳಕ್ಕೆ ತಂದು ಕಟ್ಟಿದ್ದ ಕ್ಯಾಮೆರಾದ ಮುಂದೆ ಬಿಸಿಲಿಗೆ ನಿಲ್ಲಿಸಿದ, ಮೊದಲ ಸಲ ಕಣ್ಣು ಮುಚ್ಚಿದ್ದಕ್ಕೆ ಎರಡನೇ ಸಲ ನಿಲ್ಲಿಸಿದ. ಹೇಳಿದಂತೆ ಕೇಳಿದ ಒಳ್ಳೆಯ ಮನುಷ್ಯ ಅಂತ ಚಂದ್ರಿಕೆ ಹೊರಿಸಲು ತಾನೂ ಒಂದು ಕೈ ಕೊಟ್ಟ.

ಪಾಪಮ್ಮ ಚಿತ್ರ ನೋಡಿದಳು. ತಲೆ ಬಾಚಿಕೊಂಡು ನಗುತ್ತ ನಿಂತವನು ಯಾರೋ, ಈ ಸುತ್ತಿನವನೇ ಅಲ್ಲ. ಮುನಿರತ್ನಮ್ಮ ಅಲ್ಲ. ಬೆಳೆ ಹೋಯಿತು, ಇನ್ನೊಂದು ಬಂದೀತು. ಅವತ್ತು ನಾಲ್ಕು ಜನರ ಮುಂದೆ ಆಡಿದ ಮಾತನ್ನು ಏನು ಮಾಡುವುದು? ಗೋಡೆಯ ಕಡೆ ಹೋಗಲು ಎರಡು ಸಲ ಎದ್ದಳು, ಎರಡು ಸಲವೂ ಕೂತಳು. ಆ ಸಂಕಟವೆಲ್ಲ ಮಗನ ಮೇಲೆ ಹರಿಯಿತು.

"ಮುಖ ಸಿಕ್ಕರೆ ಸಾಕೇನೋ? ಕಳ್ಳನೇ ಸಿಗಬೇಕು. ಹುಳುಮನೆಗೆ ಯಾರೇ ಕಾಲಿಡಲಿ, ಹೊರಗಿಂದ ಚಿಲಕ ಹಾಕು. ಎಷ್ಟೇ ಕೂಗಲಿ, ಊರವರೆಲ್ಲ ಬರೋವರೆಗೂ ತೆಗೀಬೇಡ."

ಮಾರನೇ ದಿನ ಬೆಳಗ್ಗೆ ಸುದ್ದಿ ಕೇಳಿ ಮುನಿರತ್ನಮ್ಮ ಬಂದಳು. "ನಿಮ್ಮಮ್ಮ ಎಲ್ಲೋ? ಕಳ್ಳನ ಮುಖ ಈಗಲಾದರೂ ನೋಡಿದಳಾ?" ಅನ್ನುತ್ತ ಸೀದಾ ಹುಳುಮನೆ ಹೊಕ್ಕಳು. ಪಿಳ್ಳಪ್ಪ ಚಿಲಕ ಹಾಕಿದ. ಕೂಗು ಕೇಳಿ ಪಾಪಮ್ಮ ನಲ್ಲಿಯ ಹತ್ತಿರ ಕೊಡ ಬಿಸಾಕಿ ಓಡಿ ಬಂದಳು, ಚಿಲಕ ತೆಗೆದಳು, ಒಳಗೆ ಕಾಲಿಟ್ಟಳು. ಪಿಳ್ಳಪ್ಪ ಮತ್ತೆ ಚಿಲಕ ಹಾಕಿದ.

ಒಳಗೆ ಮೊದಲು ಜಗಳ ಕೇಳಿತು. ಆಮೇಲೆ ಒಬ್ಬಳು ಅಳುವುದು ಕೇಳಿತು, ಆಮೇಲೆ ಇಬ್ಬರೂ ಅಳುವುದು.

ಅಷ್ಟರಲ್ಲಿ ಊರು ನೆರೆಯಿತು. ಬಾಗಿಲು ತೆಗೆಯೋ ಅಂದರು ಸಾಬರು. ಪಿಳ್ಳಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಒಬ್ಬೊಬ್ಬರನ್ನೇ ಎಣಿಸಿದ.

"ಪೂಜಾರಪ್ಪನ ಸೊಸೆ ಬಂದಿಲ್ಲ" ಅಂದ.

"ಅವಳು ಹೆರಿಗೆಗೆ ತವರಿಗೆ ಹೋಗಿದ್ದಾಳಲ್ಲೋ."

"ಬರಲಿ. ಮಗೂನೂ ಬರಲಿ."

ಒಳಗಿನಿಂದ ಓರಗಿತ್ತಿಯರಿಬ್ಬರೂ ಒಂದೇ ದನಿಯಲ್ಲಿ ಅವನನ್ನು ಬೈಯತೊಡಗಿದರು.