ಬಾಲದ ಮೇಲಿನ ಪಟ್ಟಿ

“ಗುರುಗಳೇ, ನೋಡಿದವರೆಲ್ಲ ಮೆಚ್ಚಿದ ಕೆಲಸದಲ್ಲಿ ನಿಮಗೊಬ್ಬರಿಗೆ ಮಾತ್ರ ಕೊರತೆ ಕಾಣುವುದೇಕೆ?”

ಹೀಗೆ ಕೇಳಿದವಳು ಬಸ್ಸುಗಳಿಗೆ ಬಾಡಿ ಕಟ್ಟುವ ವಿದ್ಯೆ ಕಲಿಯುತ್ತಿದ್ದ ಶಿಷ್ಯೆ. ಅವಳು ಸ್ವಂತ ಕೈಯಿಂದ ಕಟ್ಟಿದ ಮೊದಲ ಬಸ್ಸು ಅಂದು ಶೆಡ್ಡಿನಿಂದ ಹೊರಡಬೇಕಿತ್ತು. ಹಾರ ಹಾಕಿಯಾಗಿತ್ತು. ಬಸ್ಸಿನ ಮೆಟ್ಟಿಲನ್ನು ಅವಳು ಮುಖ ಕಾಣುವಷ್ಟು ಉಜ್ಜಿ ನುಣುಪು ಮಾಡಿದ್ದಳು. ಗುರು ಅದರ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು, ಹತ್ತುವವರ ಕಾಲು ಜಾರದಂತೆ ಇಲ್ಲೊಂದು ತರಿತರಿಯಾದ ಪಟ್ಟಿ ಹೊಡೆ ಎಂದಿದ್ದರು. ಅವಳು ಹೊಡೆದಿರಲಿಲ್ಲ.

ಗುರು ಆ ಮೆಟ್ಟಿಲ ಮೇಲೆಯೇ ಕುಳಿತು ಹೇಳತೊಡಗಿದರು.

ಇಂಗ್ಲೆಂಡಿನಲ್ಲಿ ಒಬ್ಬ ಕಾರು ಕಟ್ಟುವವನಿದ್ದ. ತನ್ನ ದೇಶದಲ್ಲಿ ಅದುವರೆಗೆ ಯಾರೂ ಓಡಿಸದಷ್ಟು ವೇಗದ ಕಾರು ಕಟ್ಟಬೇಕೆಂಬುದು ಮೂರು ವರ್ಷ ಅವನಿಗಿದ್ದ ಒಂದೇ ಧ್ಯಾನ. ಅಲ್ಯೂಮಿನಿಯಂ ತಗಡನ್ನು ಮರದ ಅಚ್ಚಿನ ಮೇಲಿಟ್ಟು ಕೈಯಿಂದಲೇ ಬಡಿದು ರೂಪಿಸಿದ. ಇಬ್ಬರು ಎತ್ತುತ್ತಿದ್ದ ಬಾನೆಟ್ಟನ್ನು ಒಬ್ಬನೇ ಎತ್ತುವಂತೆ ಮಾಡಿದ. ನಿಂತ ಕಾರು ಹೊರಟರೆ ಐದು ಎಣಿಸುವುದರೊಳಗೆ ಗಂಟೆಗೆ ಅರವತ್ತು ಮೈಲಿ ಮುಟ್ಟುತ್ತಿತ್ತು. ಚಾವಣಿಯಿಂದ ಬಾಲದವರೆಗೆ ಅದರ ಬೆನ್ನು ಒಂದೇ ಗೆರೆಯಲ್ಲಿ ಇಳಿದಿತ್ತು. ಆ ಗೆರೆಯಲ್ಲೇ ಅವನ ಜೀವವಿತ್ತು.

ಅಲ್ಲಿಯವರದೊಂದು ಪದ್ಧತಿ. ಹೊಸ ಕಾರಿನ ಮೈಮೇಲೆಲ್ಲ ಗೇಣುದ್ದದ ಉಣ್ಣೆ ಎಳೆಗಳನ್ನು ಅಂಟಿಸಿ ಓಡಿಸುತ್ತಾರೆ. ಪಕ್ಕದಲ್ಲಿ ಇನ್ನೊಂದು ಕಾರಿನಲ್ಲಿ ಕುಳಿತು ನೋಡುತ್ತಾರೆ. ಗಾಳಿ ಎಡವಿದ ಕಡೆ ಎಳೆ ಕುಣಿಯುತ್ತದೆ. ಗಾಳಿ ಸರಾಗವಾಗಿ ಜಾರಿದ ಕಡೆ ಬಾಚಿದ ಕೂದಲಿನಂತೆ ಮಲಗುತ್ತದೆ. ಅವನ ಕಾರಿನ ಮೇಲೆ ಒಂದು ಎಳೆಯೂ ಕುಣಿಯಲಿಲ್ಲ. ನೋಡಿದವರು ಟೋಪಿ ತೆಗೆದು ವಂದಿಸಿದರು.

ಕಾರನ್ನು ಓಡಿಸಿ ಪರೀಕ್ಷಿಸುವ ಕೆಲಸ ಒಬ್ಬ ಹೆಂಗಸಿನದು. ಯುದ್ಧದ ಕಾಲದ ಹಳೆಯ ವಿಮಾನ ನಿಲ್ದಾಣವೊಂದರ ರನ್‌ವೇ ಬಳಸಿದ ಸುತ್ತುದಾರಿಯಲ್ಲಿ ಅವಳು ದಿನವಿಡೀ ಓಡಿಸಿದಳು. ಇಳಿದು ಕೈಗವಸು ಬಿಚ್ಚಿ ಹೇಳಿದಳು:

“ಯಜಮಾನರೇ, ನೂರ ಮೂವತ್ತು ಮೈಲಿ ವೇಗದವರೆಗೆ ಇದರಂಥ ಕಾರು ಇನ್ನೊಂದಿಲ್ಲ. ಅದನ್ನು ದಾಟಿದರೆ ಹಿಂದಿನ ಚಕ್ರ ನೆಲ ಹಿಡಿಯುವುದಿಲ್ಲ. ತಿರುವಿನಲ್ಲಿ ಬಾಲ ನನಗಿಂತ ಮೊದಲೇ ತಿರುಗಲು ನೋಡುತ್ತದೆ. ಬಾಲದ ಮೇಲೆ ಗಾಳಿಗೆ ಅಡ್ಡವಾಗಿ ಒಂದು ಪಟ್ಟಿ ಹೊಡೆಸಿ.”

“ಪಟ್ಟಿಯೇ? ಈ ಬೆನ್ನಿಗೆ? ಒಂದು ಎಳೆಯಾದರೂ ಅಲುಗಿತೇ ಹೇಳಿ. ನಿಮಗೆ ಭಯವಾಗಿದ್ದರೆ ಭಯವಾಯಿತು ಎನ್ನಿ, ಕಾರಿನ ತಲೆಗೆ ಕಟ್ಟಬೇಡಿ.”

“ಭಯವಾಯಿತು. ನೀವು ಪಕ್ಕದಲ್ಲಿ ಕೂತು ನೋಡಿದಿರಿ. ಒಮ್ಮೆ ಒಳಗೆ ಕೂತು ನೋಡಿ.” ಕೀಲಿಯನ್ನು ಅವನ ಅಂಗೈಗೆ ಹಾಕಿದಳು.

ಅವನು ಹತ್ತಿ ಕುಳಿತ. ಎಂಜಿನ್ ಗರ್ಜಿಸಿತು. ಸೀಟು ಅವನ ಬೆನ್ನನ್ನು ಗುದ್ದಿ ಮುಂದೆ ನೂಕಿತು. ಎಂಬತ್ತು, ನೂರು, ನೂರ ಇಪ್ಪತ್ತು. ಮೂರು ವರ್ಷ ಕಾಗದದ ಮೇಲೆ ಎಳೆದದ್ದು ಈಗ ನೆಲದ ಮೇಲೆ ಹರಿಯುತ್ತಿತ್ತು. ಅವನಿಗೆ ಅರಿವಿಲ್ಲದೆಯೇ ನಗು ಬಂತು. ನೂರ ನಲವತ್ತು. ತಿರುವು ಬಂತು. ಅವನು ಸ್ಟೀರಿಂಗನ್ನು ಕೂದಲೆಳೆಯಷ್ಟು ತಿರುಗಿಸಿದ. ಬಾಲ ಪೂರ್ತಿ ತಿರುಗಿತು. ದಾರಿ, ಹುಲ್ಲು, ದಾರಿ, ಹುಲ್ಲು. ಕಾರು ಎರಡು ಸುತ್ತು ಗಿರಕಿ ಹೊಡೆದು, ಬಂದ ದಾರಿಗೇ ಮುಖಮಾಡಿ ಹುಲ್ಲಿನಲ್ಲಿ ನಿಂತಿತು.

ಇಳಿದು ಅವನು ಮೊದಲು ನೋಡಿದ್ದು ಎಳೆಗಳನ್ನು. ಅಷ್ಟಾದರೂ ಒಂದೇ ಒಂದು ಎಳೆ ಕಿತ್ತುಹೋಗಿರಲಿಲ್ಲ. ಆಗ ಅವನಿಗೆ ತಿಳಿಯಿತು. ಅಷ್ಟು ಸರಾಗವಾಗಿ ಜಾರಿದ ಗಾಳಿಯೇ ಹಕ್ಕಿಯ ರೆಕ್ಕೆಯನ್ನು ಎತ್ತುವಂತೆ ಆ ಬೆನ್ನನ್ನು ಎತ್ತಿತ್ತು.

ಮರುದಿನ ಬೆಳಿಗ್ಗೆ ಡ್ರಿಲ್ಲನ್ನು ಬೇರೆಯವರ ಕೈಗೆ ಕೊಡಲಿಲ್ಲ. ತನ್ನ ಗೆರೆಗೆ ತಾನೇ ತೂತು ಕೊರೆದು, ನಾಲ್ಕು ಬೆರಳೆತ್ತರದ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ. ಕೆಲಸಗಾರರು ಮುಖ ತಿರುಗಿಸಿಕೊಂಡರು. ಬಾಲದ ಎಳೆಗಳು ಈಗ ಹುಚ್ಚೆದ್ದು ಕುಣಿದವು. ನೇರ ದಾರಿಯಲ್ಲಿ ಮೂರು ಮೈಲಿ ವೇಗವೂ ತಗ್ಗಿತು.

ಅವನು ಹೋಗಿ ಅದೇ ತಿರುವಿನಲ್ಲಿ ನಿಂತ. ಮೊದಲು ಸದ್ದು ಬಂತು, ಹಿಂದೆಯೇ ಕಾರು. ಅವಳು ನೂರ ನಲವತ್ತರಲ್ಲೇ ತಿರುವಿಗೆ ನುಗ್ಗಿದಳು. ಬಾಲ ನೆಲಕ್ಕೆ ಒತ್ತಿ ಕುಳಿತಿತು. ಹಳಿಯ ಮೇಲಿನ ರೈಲಿನಂತೆ ಕಾರು ತಿರುವನ್ನು ದಾಟಿ ಹೋಯಿತು. ಆ ದಿನ ಅದು ಸುತ್ತು ಮುಗಿಸಿದ್ದು ಹಿಂದೆಂದಿಗಿಂತ ನಾಲ್ಕು ಸೆಕೆಂಡು ಬೇಗ. ಅವನು ಮಗುವಿನಂತೆ ಟೋಪಿ ಬೀಸುತ್ತ ಅದರ ಹಿಂದೆ ಓಡಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಇನ್ನೂ ಸೋತಿರಲಿಲ್ಲ.

“ಆದರೂ ಗುರುಗಳೇ, ಅಷ್ಟು ಚೆಲುವಾದ ಬೆನ್ನಿಗೆ ಈ ಪಟ್ಟಿ ಯಾಕೆ ಎಂದು ಜನ ಕೇಳಲಿಲ್ಲವೇ?”

ಗುರು ಮೆಟ್ಟಿಲಿನಿಂದ ಎದ್ದು ರಿವೆಟ್ಟಿನ ಡಬ್ಬಿಯನ್ನು ಅವಳ ಮುಂದಿಟ್ಟರು.

“ನಿಂತು ನೋಡಿದವರು ಇಂದಿಗೂ ಕೇಳುತ್ತಾರೆ, ಕೂತು ಓಡಿಸಿದವರು ಒಬ್ಬರೂ ಕೇಳಿಲ್ಲ.”